ಅಚ್ಚಿನ ಕನ್ನಡದಲ್ಲಿ ಕೇಳಿದ ಪ್ರಶ್ನೆ

ಶಶಿಕಲಾಳ ಸೋದರತ್ತೆ ಎಲ್ಲಮ್ಮ ನಲ್ಲಂಪಳ್ಳಿಯ ಹತ್ತಿರದ ಹಳ್ಳಿಯವಳು. ಬದನೆ, ಅವರೆ ಬೆಳೆದು ಧರ್ಮಪುರಿಯ ಸಂತೆಗೆ ತಂದು ಮಾರುವಳು. ಮನೆಮಾತು ಕನ್ನಡವಾದರೂ ವ್ಯಾಪಾರವೆಲ್ಲ ತಮಿಳಿನಲ್ಲೇ, ಚೌಕಾಸಿ ಮಾಡುವವರನ್ನು ಗದರಿಸುವುದೂ ತಮಿಳಿನಲ್ಲೇ. ಹೆರಿಗೆಯಲ್ಲಿ ಮಗಳು ತೀರಿಕೊಂಡ ಮೇಲೆ ಅವಳಿಗೆ ಊಟ ಸೇರದಾಯಿತು, ನಿದ್ದೆ ಹತ್ತದಾಯಿತು. ಸೇಲಂನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದ ಶಶಿಕಲಾ ರಜೆಗೆ ಬಂದಾಗ ಅತ್ತೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು. ಮನಸ್ಸಿಗೆ ಏನಾದರೂ ಕಷ್ಟವಿದೆಯೇ ಎಂದು ಡಾಕ್ಟರಮ್ಮ ತಮಿಳಿನಲ್ಲಿ ಮೆಲ್ಲಗೆ ಕೇಳಿದರು.

"ಒಣ್ಣುಮಿಲ್ಲೆ ಮೇಡಂ," ಅಂದಳು ಎಲ್ಲಮ್ಮ. ಏನೂ ಇಲ್ಲ.

ಶಕ್ತಿಯ ಮಾತ್ರೆ ಬರೆದುಕೊಟ್ಟು ಕಳಿಸಿದರು. ಮನೆಗೆ ಮರಳುವಾಗ ಬಸ್ಸಿನ ಕಿಟಕಿಯ ಕಡೆ ಮುಖ ಮಾಡಿಕೊಂಡು ಎಲ್ಲಮ್ಮ, "ಎದೆ ಮ್ಯಾಗೆ ಬೀಸೋಕಲ್ಲು ಇಟ್ಟಂಗೈತೆ ಸಸಿ. ಬೆಳಗಾಗೋದೇ ಬ್ಯಾಡ ಅನ್ಸತೈತೆ," ಅಂದಳು.

"ಇದನ್ನೇ ಡಾಕ್ಟ್ರಿಗೆ ಯಾಕೆ ಹೇಳ್ಲಿಲ್ಲ ಅತ್ತೆ?"

"ಅವ್ರು ತಮಿಳ್ನಾಗೆ ಕೇಳಿದ್ರಲ್ಲ. ತಮಿಳ್ನಾಗೆ ನಂಗೆ ಅಂತಾದ್ದೇನೂ ಇಲ್ಲ."

ಈ ಮಾತು ಶಶಿಕಲಾಳ ಮನಸ್ಸಿನಲ್ಲಿ ನಾಟಿತು. ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ಸೇರಿದಾಗ ಮಾರ್ಗದರ್ಶಕ ಶಿವರಾಮನ್ ಅವರ ಮುಂದೆ ಇದನ್ನೇ ಇಟ್ಟಳು. ಮನುಷ್ಯರ ದುಃಖ ಅವರ ಮನೆಮಾತಿನಲ್ಲಿ ಮಾತ್ರ ಬದುಕಿರುತ್ತದೆ ಎಂದು ತಾನು ತೋರಿಸಬೇಕು ಅಂದಳು.

ಶಿವರಾಮನ್ ನಿಧಾನದ ಮನುಷ್ಯ, ಕೆಡುಕು ತಿಳಿಯದವರು. "ಮಾತು ಚೆನ್ನಾಗಿದೆ," ಎಂದರು ತಮಿಳಿನಲ್ಲಿ. "ಆದರೆ ಅದು ಸುಳ್ಳಾಗಿದ್ದರೆ ನಿನಗೆ ಹೇಗೆ ಗೊತ್ತಾಗುತ್ತದೆ?"

ಸುಳ್ಳಾಗುವ ದಾರಿಯೇ ಇಲ್ಲದ ಮಾತು ಪರೀಕ್ಷೆಗೆ ಬರುವುದಿಲ್ಲ, ಹೋಗಿ ಮತ್ತೆ ಯೋಚಿಸು ಎಂದು ಕಳಿಸಿದರು. ಅವಳು ಮತ್ತೆ ಬಂದಳು. ಈ ಸಲ 'ದುಃಖ' ಎನ್ನುವ ದೊಡ್ಡ ಮಾತನ್ನು ಬಿಟ್ಟು, ನಿದ್ದೆಗೇಡು, ಊಟ ಸೇರದಿರುವುದು, ಬದುಕು ಬೇಡವೆನಿಸುವುದು ಇಷ್ಟನ್ನೇ ಹಿಡಿದಿದ್ದಳು. ಎರಡೂ ಭಾಷೆ ಬಲ್ಲ ಹೆಂಗಸರಲ್ಲಿ ಕನ್ನಡದಲ್ಲಿ ಕೇಳಿಸಿಕೊಂಡವರು ಇವನ್ನು ಹೆಚ್ಚು ಒಪ್ಪಿಕೊಳ್ಳುತ್ತಾರೆ ಎಂಬುದು ಅವಳ ಊಹೆ. ಎರಡು ಕಡೆಯೂ ಸಮವಾಗಿ ಬಂದರೆ ಆ ಊಹೆ ತಪ್ಪು ಎಂದಳು.

"ಕೇಳುವವರು ಯಾರು?" ಎಂದರು ಶಿವರಾಮನ್.

"ನಾನೇ ಸರ್."

"ನೀನು ಅವರ ಊರಿನ ಮಗಳು. ಅವರು ಬಾಯಿ ಬಿಟ್ಟದ್ದು ಕನ್ನಡಕ್ಕೋ, ನಿನ್ನ ಮುಖ ನೋಡಿಯೋ?"

ಅವಳಿಗೆ ರೇಗಿತು. ಆದರೆ ಹಾಸ್ಟೆಲಿಗೆ ಹೋಗಿ ಯೋಚಿಸಿದಾಗ ಅವರ ಮಾತು ಸರಿ ಎನಿಸಿತು, ಒಳಗೊಳಗೇ ಖುಷಿಯೂ ಆಯಿತು. ಕತ್ತಿಯನ್ನು ಸಾಣೆಗೆ ಕೊಟ್ಟ ಹಾಗೆ ದಿನದಿಂದ ದಿನಕ್ಕೆ ಅವಳ ಪ್ರಶ್ನೆ ಹರಿತವಾಗುತ್ತಿತ್ತು. ಯಾರ ಊರಿಗೂ ಸಂಬಂಧವಿಲ್ಲದ, ಎರಡೂ ಭಾಷೆ ಸಲೀಸಾಗಿ ಆಡುವ ಒಬ್ಬಳೇ ಹೆಂಗಸು ಎಲ್ಲರನ್ನೂ ಕೇಳಬೇಕು. ಯಾರಿಗೆ ಯಾವ ಭಾಷೆ ಎಂಬುದನ್ನು ಚೀಟಿ ಎತ್ತಿ ಗೊತ್ತುಮಾಡಬೇಕು. ಹುಡುಕಿದಾಗ ಮೇಚೇರಿಯ ಮಾಲತಿ ಸಿಕ್ಕಳು. ಕುರಿ ಸಾಕುವ ಮನೆಯ ಸೊಸೆ, ಬಿ.ಎ. ಓದಿದವಳು. ಹಳ್ಳಿಗಳಲ್ಲಿ ಮಾನಸಿಕ ಆರೋಗ್ಯದ ಶಿಬಿರ ನಡೆಸುತ್ತಿದ್ದ ಒಂದು ಸೇವಾಸಂಸ್ಥೆ ಕನ್ನಡ ಬಲ್ಲ ಆಪ್ತಸಲಹೆಗಾರ್ತಿಯನ್ನು ತೆಗೆದುಕೊಳ್ಳುವ ಯೋಚನೆಯಲ್ಲಿತ್ತು. ಆ ಕೆಲಸದ ಮೇಲೆ ಮಾಲತಿಗೆ ಆಸೆಯಿತ್ತು.

ಮೊದಲು ಪ್ರಯೋಗಕ್ಕೆಂದು, ಶಿವರಾಮನ್ ಅವರ ಒಪ್ಪಿಗೆಯಿಂದ, ಮೇಚೇರಿಯ ಪಕ್ಕದ ಹಳ್ಳಿಗಳಲ್ಲಿ ಕೆಲವರನ್ನಷ್ಟೇ ಕೇಳಿ ನೋಡಿದರು. ಮಾಲತಿ ಹಟ್ಟಿಯ ಮುಂದೆ ಕೂತು, "ರಾತ್ರಿ ನಿದ್ದೆ ಬತ್ತದಾ ಅಕ್ಕಾ? ಮನ್ಸು ಎಂಗೈತೆ?" ಎಂದು ತನ್ನ ಮಾತಿನಲ್ಲೇ ಕೇಳಿದಾಗ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ತಮಿಳಿನಲ್ಲಿ ಕೇಳಿಸಿಕೊಂಡವರು ಚುಟುಕಾಗಿ ಉತ್ತರ ಕೊಟ್ಟು ಎದ್ದುಹೋದರು. ಇದನ್ನೇ ಪುರಾವೆ ಅನ್ನುವಂತಿಲ್ಲ ಎಂದು ಶಶಿಕಲಾಳಿಗೆ ಗೊತ್ತಿತ್ತು. ಆದರೂ ಆ ದಿನ ಬಸ್ಸಿನಲ್ಲಿ ಅವಳು ಮೇಚೇರಿಯಿಂದ ಸೇಲಂವರೆಗೂ ತನ್ನಷ್ಟಕ್ಕೆ ನಗುತ್ತ ಬಂದಳು.

ಸಂಶೋಧನೆಗೆ ಒಪ್ಪಿಗೆ ಕೊಡುವ ಕಾಲೇಜಿನ ಸಮಿತಿಯ ಮುಂದೆ ಯೋಜನೆ ಇಟ್ಟಾಗ ಕೆಲಸ ಕೆಟ್ಟಿತು. ಆಡುಮಾತಿನ ಪ್ರಶ್ನೆಗೆ ಪ್ರಮಾಣವಿಲ್ಲ, ತಮಿಳಿನಲ್ಲಿರುವಂತೆ ಕನ್ನಡದಲ್ಲೂ ಮಾನ್ಯತೆ ಪಡೆದ ಪ್ರಶ್ನಾವಳಿ ಅಚ್ಚಾಗಿ ಸಿಗುತ್ತದೆ, ಅದನ್ನೇ ಒಂದಕ್ಷರ ಬದಲಿಸದೆ ಓದಬೇಕು ಎಂದರು ಸಮಿತಿಯವರು.

"ಅಚ್ಚಿನ ತಮಿಳು ಇವರ ಕಿವಿಗೆ ಹೊಸದಲ್ಲ, ಶಾಲೆಯಲ್ಲಿ, ಟೀವಿಯಲ್ಲಿ ಕೇಳಿದ್ದಾರೆ," ಎಂದು ಶಶಿಕಲಾ ವಾದಿಸಿದಳು. "ಅಚ್ಚಿನ ಕನ್ನಡವನ್ನು ಇವರು ಕೇಳಿದ್ದೇ ಅಪರೂಪ. ಇವರಿಗೆ ಕನ್ನಡ ಅಂದರೆ ಬಾಯಿಮಾತು ಅಷ್ಟೇ."

ಒಪ್ಪಲಿಲ್ಲ. ಹೊರಗೆ ಬಂದ ಮೇಲೆ ಶಿವರಾಮನ್, "ನೀನು ಹೇಳುವುದು ನಿಜವಿರಬಹುದು. ಆಡುಮಾತಿಗೆ ಪ್ರಮಾಣ ಕಟ್ಟುವುದೇ ಇನ್ನೊಂದು ಸಂಶೋಧನೆ. ಅದಕ್ಕೆ ನಿನಗೆ ಸಮಯವಿಲ್ಲ. ಸಮಿತಿ ಒಪ್ಪದೆ ಇನ್ನು ಮುಂದೆ ಒಬ್ಬರನ್ನೂ ಕೇಳುವಂತಿಲ್ಲ," ಅಂದರು. ಫೆಲೋಶಿಪ್ಪಿನ ಅವಧಿ ಮುಗಿಯುತ್ತ ಬಂದಿತ್ತು. ಶಶಿಕಲಾ ಸಮಿತಿಯ ಷರತ್ತಿಗೆ ಸಹಿ ಹಾಕಿದಳು.

ಮಾಲತಿಯೂ ಅವಳೂ ಈ ಸಲ ತಮ್ಮ ಗುರುತಿಲ್ಲದ ಹಳ್ಳಿಗಳನ್ನು ಸುತ್ತಿದರು. ಒಂದು ಮನೆಯ ಅಂಗಳದಲ್ಲಿ ಹೆಂಗಸೊಬ್ಬಳು ಕಡಲೆಕಾಯಿ ಬಿಡಿಸುತ್ತ ಕೂತಿದ್ದಳು. ಚೀಟಿಯಲ್ಲಿ ಕನ್ನಡ ಬಂದಿತ್ತು. ಮಾಲತಿ ಹಾಳೆ ಹಿಡಿದು ಓದಿದಳು: "ಕಳೆದ ಕೆಲವು ವಾರಗಳಲ್ಲಿ ತಾವು ಖಿನ್ನತೆ ಅಥವಾ ನಿರಾಶಾಭಾವವನ್ನು ಅನುಭವಿಸಿದ್ದೀರಾ?"

ಆ ಹೆಂಗಸು ಕೈ ನಿಲ್ಲಿಸಿ ನೋಡಿದಳು. "ಇದ್ಯಾವ ಊರ ಮಾತಮ್ಮ? ರೇಡಿಯೋದಾಗೆ ಓದ್ದಂಗೆ ಓದ್ತೀಯಲ್ಲ."

"ಅಂಗಲ್ಲಕ್ಕ, ಮನ್ಸಿಗೆ..." ಎಂದು ಮಾಲತಿ ಶುರುಮಾಡಿದಳು. ಶಶಿಕಲಾ ಅವಳ ಮೊಣಕೈ ಮುಟ್ಟಿ ತಡೆದಳು. ಹಾಳೆಯಲ್ಲಿಲ್ಲದ ಮಾತು ಆಡುವಂತಿರಲಿಲ್ಲ. ಮಾಲತಿ ಅದೇ ಸಾಲನ್ನು ಇನ್ನೊಮ್ಮೆ ಓದಿದಳು.

"ಇಲ್ಲ ಅಂತ ಬರ್ಕೋ," ಎಂದು ಆ ಹೆಂಗಸು ಕಡಲೆಕಾಯಿಗೆ ಕೈ ಹಾಕಿದಳು. ಅವಳ ಕಣ್ಣ ಸುತ್ತ ಕಪ್ಪುಗಟ್ಟಿದ್ದನ್ನು ಇಬ್ಬರೂ ನೋಡಿದರು.

ಊರಿಂದ ಊರಿಗೆ ಇದೇ ಆಯಿತು. ಕೆಲವರು ನಕ್ಕರು, ಕೆಲವರು ತಿಳಿಯದೆ ಹೂಂಗುಟ್ಟಿದರು. ಲೆಕ್ಕ ಹಾಕಿ ನೋಡಿದಾಗ ಎರಡು ಭಾಷೆಗೂ ವ್ಯತ್ಯಾಸ ಇರಲಿಲ್ಲ. ತನ್ನ ಊಹೆ ತಪ್ಪೆನ್ನಲು ಏನು ಕಾಣಬೇಕೆಂದು ಶಶಿಕಲಾ ಮೊದಲೇ ಹೇಳಿದ್ದಳೋ ಅದೇ ಕಂಡಿತ್ತು. ತನ್ನ ಮಾತಿಗೆ ತಾನೇ ಕಟ್ಟುಬಿದ್ದಳು. ಆ ತಿಂಗಳಲ್ಲೇ ಅಪ್ಪ ಫೋನ್ ಮಾಡಿ, ಎಲ್ಲಮ್ಮ ಸಂತೆಗೆ ಹೋಗುವುದನ್ನು ಬಿಟ್ಟಿದ್ದಾಳೆ, ಈಗ ಮನೆಯಲ್ಲಿ ಯಾರ ಹತ್ತಿರವೂ ಮಾತಾಡುವುದಿಲ್ಲ ಎಂದು ಹೇಳಿದ.

ಪ್ರಬಂಧದಲ್ಲಿ ಶಶಿಕಲಾ ಒಂದು ಪುಟ ಬೇರೆಯಾಗಿ ಬರೆದಳು: ಓದಿದ ಕನ್ನಡ ಈ ಹೆಂಗಸರ ಕನ್ನಡವಲ್ಲ, ಹಾಗಾಗಿ ಇದರಿಂದ ಏನನ್ನೂ ತೀರ್ಮಾನಿಸಬಾರದು. ಪತ್ರಿಕೆಗೆ ಲೇಖನವಾಗಿ ಕಳಿಸಿದಾಗ ಸಂಪಾದಕರು ಉದ್ದವಾಯಿತೆಂದು ಆ ಪುಟವನ್ನು ಒಂದು ವಾಕ್ಯಕ್ಕೆ ಇಳಿಸಲು ಹೇಳಿದರು. ಇಳಿಸಿದಳು. ಡಾಕ್ಟರೇಟ್ ಬಂತು, ಧರ್ಮಪುರಿಯ ಕಾಲೇಜೊಂದರಲ್ಲಿ ಕೆಲಸವೂ ಸಿಕ್ಕಿತು.

ಒಂದು ಮಧ್ಯಾಹ್ನ ಮಾಲತಿ ಫೋನ್ ಮಾಡಿದಳು. "ಆ ಶಿಬಿರದೋರ ಕೆಲ್ಸ ಇಲ್ವಂತೆ ಅಕ್ಕಾ. ಕನ್ನಡದೋರು ಬೇಕಾಗಿಲ್ಲ, ತಮಿಳ್ನಾಗೆ ಕೇಳಿದ್ರೂ ಒಂದೇ ಅಂತ ರಿಸರ್ಚ್ ಆಗೈತೆ ಅಂದ್ರು. ಯಾರ್ದು ಅಂತ ಕೇಳ್ದೆ. ನಿಮ್ಮೆಸ್ರು ತೋರ್ಸಿದ್ರು."

ಶಶಿಕಲಾ ಆ ಸಂಸ್ಥೆಯವರನ್ನು ಹೋಗಿ ಕಂಡಳು. ಅವರು ಮರ್ಯಾದೆಯಿಂದಲೇ ಕೂರಿಸಿ ಚಹಾ ಕೊಟ್ಟರು. ಅಚ್ಚಿನ ಕನ್ನಡದಿಂದಲೇ ಹಾಗೆ ಬಂತೆಂದು ಅವಳು ಬಿಡಿಸಿ ಹೇಳಿದಾಗ, ಲೇಖನದಲ್ಲಿ ಅಷ್ಟೆಲ್ಲ ಇಲ್ಲವಲ್ಲ ಮೇಡಂ ಎಂದರು. ಆಮೇಲೆ ಅವಳು ಆಡುಮಾತಿನ ಪ್ರಶ್ನೆಗಳನ್ನೇ ಕಟ್ಟಿ ಪರೀಕ್ಷಿಸುವ ಹೊಸ ಯೋಜನೆ ಬರೆದು ಧನಸಹಾಯಕ್ಕೆ ಅರ್ಜಿ ಹಾಕಿದಳು. ಹಿಂದಿನ ತಪ್ಪು ಎಲ್ಲಿತ್ತು, ಅದನ್ನು ಹೇಗೆ ಬೇರ್ಪಡಿಸಿ ನೋಡಬಹುದು ಎಂಬುದನ್ನೆಲ್ಲ ಬಿಡಿಸಿ ಬರೆದಿದ್ದಳು. ಈ ಪ್ರಶ್ನೆಗೆ ಅರ್ಜಿದಾರರೇ ಈಗಾಗಲೇ ಉತ್ತರ ಕೊಟ್ಟಿದ್ದಾರೆ ಎಂಬ ಕಾರಣದಿಂದ ಅರ್ಜಿ ವಾಪಸ್ಸು ಬಂತು.

ಧನಸಹಾಯ ಇಲ್ಲದಿದ್ದರೂ ಚಿಕ್ಕದಾಗಿಯಾದರೂ ಮಾಡೋಣವೆಂದು, ತನ್ನ ಈಗಿನ ಕಾಲೇಜಿನ ಒಪ್ಪಿಗೆ ಪಡೆದು ಮೇಚೇರಿಗೆ ಹೋದಳು. ಮಾಲತಿ ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳಿಲ್ಲದ ಹೊತ್ತು ನೋಡಿ ಶಶಿಕಲಾ ವಿಷಯ ಹೇಳಿದಳು.

ಮಾಲತಿ ಹರಡಿದ್ದ ಸೀರೆ ಮಡಿಸುತ್ತ ಕೇಳಿಸಿಕೊಂಡಳು. "ಬ್ಯಾಡಕ್ಕ," ಅಂದಳು. "ಮೊದ್ಲ ಸಲ ಅತ್ಕೊಂಡು ಹೇಳಿದ್ರಲ್ಲ, ಅವ್ರು ಬೀದೀಲಿ ಸಿಕ್ದಾಗ ಕೇಳ್ತಾರೆ, ನಾವು ಹೇಳಿದ್ದೆಲ್ಲ ಏನಾತು ಅಂತ. ನಾನೇನು ಹೇಳ್ಲಿ? ತಿರ್ಗಾ ಅದೇ ಮನೆ ಮುಂದೆ ಓಗಿ ಎಂಗೆ ಕೂರ್ಲಿ?"

"ಬೇರೆ ಊರುಗಳಿಗೆ ಹೋಗೋಣ ಮಾಲತಿ."

"ಬೇರೆ ಯಾರ್ನಾದ್ರೂ ನೋಡ್ಕಳಿ ಅಕ್ಕಾ."

ಗಿರಾಕಿಗಳು ಒಳಗೆ ಬಂದರು. ಮಾಲತಿ ಅವರ ಮುಂದೆ ಸೀರೆ ಬಿಡಿಸಿ ಬಣ್ಣ ತೋರಿಸತೊಡಗಿದಳು. ಶಶಿಕಲಾ ಸ್ವಲ್ಪ ಹೊತ್ತು ನಿಂತಿದ್ದು, ಹೇಳಿಹೋಗಲು ಅವಳ ಕಣ್ಣು ಸಿಗದೆ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಪ್ರಶ್ನೆ ಕೇಳಲು ಬೇರೆಯವರು ಅವಳಿಗೆ ಇನ್ನೂ ಸಿಕ್ಕಿಲ್ಲ.