ಬಿ ಪಾಸಿಟಿವ್ ಯಾರೂ ಇಲ್ಲ

ಕಲ್ಯಾಣದುರ್ಗದ ರಕ್ತದಾನಿಗಳ ಸಂಘದ ವೆಬ್‌ಸೈಟಿಗೆ ದಾನಿಗಳನ್ನು ಹುಡುಕುವ ಪ್ಲಗಿನ್ ಹಾಕಿಕೊಡಲು ಹಿಂದೂಪುರದಿಂದ ಹೋಗಿದ್ದೆ. ಕೆಲಸ ಮುಗೀತು ಅನ್ನುವಷ್ಟರಲ್ಲಿ ಕಂಬದೂರಿನವನೊಬ್ಬ ಓಡಿಬಂದ. ಹೆಂಡತಿಗೆ ಆಪರೇಷನ್, ಬಿ ಪಾಸಿಟಿವ್ ರಕ್ತ ಬೇಕು ಅಂದ. ನಾನು ಬಿ ಅಕ್ಷರ, ಪ್ಲಸ್ ಗುರುತು ಒತ್ತಿ ಹುಡುಕಿದೆ. ಯಾರೂ ಇಲ್ಲ ಎಂದು ಬಂತು.

ಸಂಘ ನೋಡಿಕೊಳ್ಳುವ ರತ್ನಮ್ಮ ಸ್ಕ್ರೀನಿಗೆ ಬಗ್ಗಿದರು. "ಯಾರೂ ಇಲ್ವಾ? ನಾನೇ ಬಿ ಪಾಸಿಟಿವ್ ಕಣಪ್ಪ!" ಎಂದವರೇ ಅವನ ಕಡೆ ತಿರುಗಿ, "ಪದ ಪದ, ನಡಿಯಪ್ಪ, ಆಸ್ಪತ್ರೆಗೆ ನಾನೇ ಬತ್ತೀನಿ" ಎಂದು ಆಟೋ ಹತ್ತಿದರು.

ನಾನು ಪ್ಲಗಿನ್‌ನ ಸ್ಕ್ರಿಪ್ಟ್ ತೆರೆದು ಕೂತೆ. ನೆಗೆಟಿವ್ ಗುಂಪಿನವರೆಲ್ಲ ಸಿಗುತ್ತಿದ್ದರು, ಪಾಸಿಟಿವ್ ಒಬ್ಬರೂ ಇಲ್ಲ. ಸರ್ವರ್‌ಗೆ ಕಳಿಸುವ ವೆಬ್ ವಿಳಾಸಕ್ಕೆ ಪ್ಲಸ್ ಗುರುತನ್ನು ಹಾಗೇ ಅಂಟಿಸಿದ್ದರಿಂದ ಸರ್ವರ್ ಅದನ್ನು ಖಾಲಿ ಜಾಗ ಎಂದು ಓದಿಕೊಳ್ಳುತ್ತಿತ್ತು. ಕೈಯಲ್ಲಿ ಜೋಡಿಸುವುದು ಬಿಟ್ಟು, ವಿಳಾಸ ಕಟ್ಟುವ ಕೆಲಸವನ್ನು ಬ್ರೌಸರಿಗೇ ಒಪ್ಪಿಸಿದೆ. ಅದು ಪ್ಲಸ್ಸನ್ನು ಸರ್ವರ್‌ಗೆ ಅರ್ಥವಾಗುವ ಸಂಕೇತವಾಗಿ ಬದಲಿಸಿ ಕಳಿಸಿತು. ಹೆಸರುಗಳು ಸಾಲಾಗಿ ಬಂದವು.

ಸಂಜೆ ರತ್ನಮ್ಮ ತೋಳಿಗೆ ಹತ್ತಿ ಅಂಟಿಸಿಕೊಂಡು ವಾಪಸ್ ಬಂದರು. ಆಪರೇಷನ್ ಚೆನ್ನಾಗಾಯಿತಂತೆ. ನಾನು ಹೆಮ್ಮೆಯಿಂದ ಸ್ಕ್ರೀನ್ ತೋರಿಸಿದೆ, ಮೊದಲನೆಯದೇ ಅವರ ಹೆಸರು.

"ಅದನ್ನ ತೆಗೆದಾಕ್ಬುಡು ಕಣಪ್ಪ," ಎಂದರು, "ಇನ್ನು ಕೆಲವು ತಿಂಗಳು ನಾನು ಕೊಡಂಗಿಲ್ಲ."