ಜಿಂಕೆಗಳಿಗೆ ಬಿತ್ತಿದ ರೈ

ಹ್ಯಾನೋವರ್‌ನಿಂದ ಅರ್ಧ ಗಂಟೆ ದೂರದ ಹಳ್ಳಿಯಲ್ಲಿ ನಾನು, ನನ್ನ ಗಂಡ ಒಂದು ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆಯ ಮಾಲೀಕರು, ಎಪ್ಪತ್ತು ದಾಟಿದವರು. ನಾವು ಅಲ್ಲಿಗೆ ಹೋದ ವರ್ಷವೇ ಅವರ ಹೆಂಡತಿ ತೀರಿಕೊಂಡರು. ಒಂದು ಸಂಜೆ ಆಕೆ ಪೇಟೆಯಿಂದ ಬರುವಾಗ ಕಾಡಿನ ರಸ್ತೆಯಲ್ಲಿ ಜಿಂಕೆಗೆ ಬಡಿದ ಕಾರು ಪಕ್ಕದ ಮರಕ್ಕೆ ಗುದ್ದಿತ್ತು. ಆ ಕಾಡಿನ ಬೇಟೆಯ ಗುತ್ತಿಗೆ ಮಾಲೀಕರದ್ದೇ. ಇಲ್ಲಿ ಗುತ್ತಿಗೆ ಹಿಡಿದವರಿಗೆ ಬೇಟೆಯ ಹಕ್ಕಿನ ಜೊತೆಗೆ ಪ್ರಾಣಿಗಳ ಹೊಣೆಯೂ ಇರುತ್ತದೆ. ರಸ್ತೆಯಲ್ಲಿ ಜಿಂಕೆ ಬಿದ್ದರೆ ಪೊಲೀಸರು ಅವರಿಗೇ ಫೋನ್ ಮಾಡುತ್ತಿದ್ದರು. ಅಂದೂ ಮಾಡಿದ್ದರಂತೆ, ಕಾರಿನಲ್ಲಿದ್ದವರು ಯಾರೆಂದು ಗೊತ್ತಾಗುವ ಮೊದಲೇ.

ರಸ್ತೆಯ ಆಚೆಗೆ ರೈತರ ಹೊಲಗಳು. ಚಳಿಗಾಲದಲ್ಲಿ ಹಸಿರು ಹುಡುಕಿಕೊಂಡು ಜಿಂಕೆಗಳು ಕಾಡಿನಿಂದ ಅಲ್ಲಿಗೆ ದಾಟುತ್ತವೆ. ಒಳಗೇ ಮೇವು ಸಿಕ್ಕರೆ ದಾಟಲಾರವು ಎಂದು ಮಾಲೀಕರು ಕಾಡಿನ ನಡುವಿನ ಬಯಲೊಂದರಲ್ಲಿ ಕ್ಲೋವರ್ ಎಂಬ ಮೇವಿನ ಸೊಪ್ಪು ಬಿತ್ತಿದರು. ಅದು ಬೆರಳುದ್ದ ಬಂದು ಹಳದಿಯಾಗಿ ಸತ್ತುಹೋಯಿತು.

ನಾನು ಧಾರವಾಡದಲ್ಲಿ ಕೃಷಿ ಓದಿದವಳು. ಇಲ್ಲಿ ಕೆಲಸ ಸಿಗದೆ ಮನೆಯಲ್ಲೇ ಇದ್ದೆ. ಒಂದು ಬೆಳಿಗ್ಗೆ ಮಾಲೀಕರು ಬಾಗಿಲು ತಟ್ಟಿ, ನನಗೆ ಅರ್ಥವಾಗಲೆಂದು ನಿಧಾನವಾದ ಜರ್ಮನ್‌ನಲ್ಲಿ ಕೇಳಿದರು: "ನೀವು ಒಮ್ಮೆ ಬಂದು ಮಣ್ಣು ನೋಡುತ್ತೀರಾ?"

ಹಿಂದೆ ಆ ಬಯಲಿನಲ್ಲಿ ಸ್ಪ್ರೂಸ್ ಮರಗಳಿದ್ದವು. ಹುಳ ಬಿದ್ದು ಒಣಗಿದ ಮೇಲೆ ಕಡಿದು ಸಾಗಿಸಿದ್ದರು. ದಿಮ್ಮಿ ಎಳೆಯುವ ಯಂತ್ರಗಳು ಓಡಾಡಿ ನೆಲ ಗಟ್ಟಿಯಾಗಿತ್ತು. ಮರಳು ಮಿಶ್ರಿತ ಹುಳಿ ಮಣ್ಣು. ಹಾರೆ ಗೇಣುದ್ದವೂ ಇಳಿಯಲಿಲ್ಲ.

"ಇಲ್ಲಿ ಈಗಲೇ ಕ್ಲೋವರ್ ಬರುವುದಿಲ್ಲ," ಎಂದೆ. "ಮೊದಲು ಸುಣ್ಣ ಹಾಕಿ ರೈ ಬಿತ್ತೋಣ. ಅದರ ಬೇರು ಆಳಕ್ಕೆ ಹೋಗುತ್ತದೆ. ತೆನೆ ಕುಯ್ಯುವುದು ಬೇಡ, ಹೂ ಬಿಡುವಾಗ ಕೆಡವಿ ಅಲ್ಲೇ ಕೊಳೆಯಲು ಬಿಡಬೇಕು."

"ಎಷ್ಟು ವರ್ಷ?"

"ಎರಡಾದರೂ ಬೇಕು."

ಅವರು ಆಗಲಿ ಎಂದು ತಲೆಯಾಡಿಸಿದರು.

ಸೆಪ್ಟೆಂಬರಿನಲ್ಲಿ ಬಿತ್ತಿದೆವು. ರೈ ಎಂದರೆ ಗೋಧಿಯ ಜಾತಿಯ, ಚಳಿ ತಡೆಯುವ ಧಾನ್ಯ. ನಮ್ಮ ಊರಿನಲ್ಲಿ ಭತ್ತಕ್ಕೆ ಮುಂಚೆ ಸೆಣಬು ಬಿತ್ತಿ ಮಣ್ಣಿಗೆ ಸೇರಿಸುವುದನ್ನು ನೋಡಿ ಬೆಳೆದ ನನಗೆ ಇದು ಹೊಸದಲ್ಲ. ಹೊಸದೆಂದರೆ ಚಳಿ, ಮತ್ತು ಮಾಲೀಕರ ಮೌನ. ಸಾಲಿನ ತುದಿಯಲ್ಲಿ ನಿಂತು ಫ್ಲಾಸ್ಕಿನಿಂದ ಕಾಫಿ ಸುರಿದುಕೊಡುತ್ತಿದ್ದರು. ಹೆಂಡತಿಯ ಮಾತು ಒಮ್ಮೆಯೂ ತೆಗೆಯಲಿಲ್ಲ.

ಗಂಡನಿಗೆ ಇದು ಸರಿಬರಲಿಲ್ಲ. "ಅಲ್ಲ, ಇದನ್ನೆಲ್ಲಾ ಜಿಂಕಿಗೆ ತಿನಿಸಿ, ಆಮ್ಯಾಲೆ ಅವರೇ ಅದನ್ನ ಹೊಡೀತಾರಲ್ಲ. ನಿನಗ ಯಾಕ ಬೇಕಾಗೇದ ಇದು?" ಎನ್ನುತ್ತಿದ್ದರು.

"ನೀವು ದಿನಾ ಅದೇ ರಸ್ತೆದಾಗ ಆಫೀಸಿಗೆ ಹೋಗ್ತೀರಿ, ಅದಕ್ಕ," ಎಂದೆ ಒಂದು ಸಲ.

ಮೊದಲ ವರ್ಷ ರೈ ಮೊಣಕಾಲೆತ್ತರ ಬಂತು, ಅದೂ ಅಲ್ಲಲ್ಲಿ. ಕೆಡವಿ, ಬೇಸಿಗೆಗೆ ಓಟ್ಸ್ ಹಾಕಿ, ಅದನ್ನೂ ಕೆಡವಿ, ಮತ್ತೆ ರೈ ಬಿತ್ತಿದೆವು. ಎರಡನೆಯ ಚಳಿಗಾಲದಲ್ಲಿ ಸುತ್ತಲಿನ ಕಾಡು ಬೂದಿಬಣ್ಣಕ್ಕೆ ತಿರುಗಿದಾಗ ಆ ಬಯಲೊಂದೇ ಹಸಿರಾಗಿತ್ತು. ಎರೆಹುಳುಗಳು ಬಂದಿದ್ದವು. ಜಿಂಕೆಗಳೂ ಬಂದವು, ಮರಕ್ಕೆ ಕಟ್ಟಿದ್ದ ಕ್ಯಾಮೆರಾದಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದವು. ಮಾಲೀಕರು ಆ ಚಿತ್ರಗಳನ್ನು ನಮ್ಮ ಅಡುಗೆಮನೆಗೆ ತಂದು ತೋರಿಸಿದರು. ಆ ಚಳಿಗಾಲ ಪೊಲೀಸರ ಫೋನ್ ಬರಲಿಲ್ಲ.

ಏಪ್ರಿಲ್‌ನ ಒಂದು ಬೆಳಿಗ್ಗೆ ಫೋನ್ ಬಂದದ್ದು ನನಗೆ, ಗಂಡನಿಂದ. "ಜಿಂಕಿ ಅಡ್ಡ ಬಂತು. ನನಗೇನೂ ಆಗಿಲ್ಲ, ಕಾರಿನ ಮುಂದಿನ ಭಾಗ ಹೋಗೇದ. ಅದು ಇನ್ನೂ ಜೀವಂತ ಅದ. ಲಗೂನ ಅವರನ್ನ ಕರಕೊಂಡು ಬಾ," ಎಂದರು.

ಮಾಲೀಕರ ಜೀಪಿನಲ್ಲೇ ಹೋದೆ. ಗಂಡ ಹೊಳೆಯುವ ಹಳದಿ ಜಾಕೆಟ್ ಹಾಕಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದರು. ಹೆಣ್ಣು ಜಿಂಕೆ ಹಳ್ಳದಲ್ಲಿ ಮುಂಗಾಲೂರಿ ಏಳಲು ನೋಡುತ್ತಿತ್ತು. ಹಿಂದಿನ ಕಾಲುಗಳು ಏಳುತ್ತಿರಲಿಲ್ಲ. ಮಾಲೀಕರು ನಮ್ಮಿಬ್ಬರನ್ನೂ ಕಾರಿನ ಹಿಂದೆ ಕಳಿಸಿದರು. ಒಂದೇ ಗುಂಡು.

ಆಮೇಲೆ ಅದನ್ನು ಕಾಡಿನಂಚಿಗೆ ಎಳೆದು, ಮಾಂಸ ಕೆಡದಿರಲೆಂದು ಹೊಟ್ಟೆ ಸೀಳಿದರು. ಗಂಡ ಮುಖ ತಿರುಗಿಸಿದರು. ನಾನು ಯಾಕೋ ನೋಡುತ್ತಲೇ ನಿಂತೆ. ಜಠರದ ತುಂಬ ಎಳೆಯ ಹಸಿರು ಗರಿ, ಇನ್ನೂ ಪೂರ್ತಿ ಅಗಿದಿರಲಿಲ್ಲ. ಆಚೆಯ ಹೊಲಗಳನ್ನು ಗೋವಿನಜೋಳಕ್ಕೆಂದು ಆಗಲೇ ಉತ್ತಿದ್ದರು. ಹಾಗೆ ಹಸಿರಾಗಿದ್ದದ್ದು ನಮ್ಮ ರೈ ಒಂದೇ. ಜಠರದ ಕೆಳಗೆ, ಪೊರೆಯೊಳಗೆ, ಎರಡು ಮರಿಗಳು.

"ಹೊಟ್ಟೆ ತುಂಬಿತ್ತು. ಮತ್ತೆ ಯಾಕೆ ದಾಟಿತು?" ಎಂದೆ.

ಅವರು ಕೈಯನ್ನು ಹುಲ್ಲಿಗೆ ಒರೆಸಿಕೊಂಡರು. "ವಸಂತದಲ್ಲಿ ಅವು ದಾಟುತ್ತವೆ. ಗಂಡು ಅಟ್ಟುತ್ತದೆ, ಮರಿ ಹಾಕಲು ಬೇರೆ ಜಾಗ ಬೇಕಾಗುತ್ತದೆ. ಮೇವಿಗೆ ಮಾತ್ರ ಅಲ್ಲ."

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು. ಆಕೆ ಹೋದದ್ದೂ ವಸಂತದಲ್ಲೇ." ಚಾಕು ಮಡಿಸುತ್ತಾ, "ಕೈ ಕಟ್ಟಿ ಕೂರಲು ಆಗಲಿಲ್ಲ," ಎಂದರು.

ನನಗೆ ಸಿಟ್ಟು ಬಂತು. ಎರಡು ವರ್ಷ ನನ್ನ ಗಂಡನ ಪ್ರಾಣ ಕಾಯುತ್ತಿದ್ದೇನೆ ಎಂದುಕೊಂಡು ನಾನು ಆ ನೆಲದಲ್ಲಿ ದುಡಿದಿದ್ದೆ. ಜೀಪಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತು ವಾಪಸಾದೆ. ಗಂಡ ಆ ವಾರವೆಲ್ಲ ಬಸ್ಸಿನಲ್ಲೇ ಹೋದರು. ಊಟಕ್ಕೆ ಕೂತರೆ ತಟ್ಟೆಯಲ್ಲೇ ಕೈ ಆಡಿಸಿ ಎದ್ದುಬಿಡುತ್ತಿದ್ದರು.

ಮೇ ತಿಂಗಳಲ್ಲಿ ರೈ ಹೂ ಬಿಟ್ಟಿತು, ನನ್ನ ಭುಜಕ್ಕಿಂತ ಎತ್ತರ. ಕೆಡವಲು ಮಾಲೀಕರು ಕರೆಯಲಿಲ್ಲ, ನಾನೂ ಕೇಳಲಿಲ್ಲ. ನಿಂತಲ್ಲೇ ಒಣಗಿತು. ಕಾಡುಹಂದಿಗಳು ನುಗ್ಗಿ ಬಯಲನ್ನೆಲ್ಲ ಅಗೆದು ಹಾಕಿದವು. ಮರುವರ್ಷ ಅವರು ಗುತ್ತಿಗೆ ಬಿಟ್ಟುಕೊಟ್ಟರು. ಹೊಸದಾಗಿ ಹಿಡಿದವನು ನೆಲ ಪರವಾಗಿಲ್ಲವೆಂದು ಅಲ್ಲಿ ಗೋವಿನಜೋಳ ಹಾಕಿ, ಪಕ್ಕದಲ್ಲೇ ಏಣಿ ಇಟ್ಟ ಬೇಟೆಯ ಅಟ್ಟ ಕಟ್ಟಿಸಿದ. ಹಂದಿಗಳನ್ನು ಹೊಡೆಯಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲವಂತೆ.

ನಾವು ಹ್ಯಾನೋವರ್ ನಗರದೊಳಗೆ, ಟ್ರಾಮ್ ನಿಲ್ದಾಣದ ಹತ್ತಿರ ಮನೆ ಮಾಡಿದೆವು. ಸಾಮಾನು ಸಾಗಿಸುವ ದಿನ ಮಾಲೀಕರು ಒಳಗೇ ಇದ್ದರು. ಟಿವಿಯ ಸದ್ದು ಕೇಳುತ್ತಿತ್ತು. ಕೊನೆಯ ಪೆಟ್ಟಿಗೆ ಹೊರಗೆ ಹೋದ ಮೇಲೆ ಅವರ ಬಾಗಿಲ ಗಂಟೆ ಒತ್ತಿದೆ. ತುಂಬ ಹೊತ್ತಿನ ಮೇಲೆ ತೆರೆದರು, ಕೈ ಕುಲುಕಿದರು. ಹೇಳಬೇಕೆಂದುಕೊಂಡದ್ದು ನನಗೆ ಜರ್ಮನ್‌ನಲ್ಲಿ ಬರಲಿಲ್ಲ. ಕನ್ನಡದಲ್ಲಾದರೂ ಬರುತ್ತಿತ್ತೋ ಇಲ್ಲವೋ.