ಹಗೇವಿನ ಜೋಳ ಮತ್ತು ತರ್ಕದ ಮಾಸ್ತರರು

ನನಗಾಗ ಅರವತ್ತೆರಡು, ಎಂಟು ವರ್ಷದ ಹಿಂದಿನ ಮಾತು. ರೋಣದ ನಮ್ಮ ಓಣಿಯಲ್ಲಿ ಗುರುಸಿದ್ದಪ್ಪ ಮಾಸ್ತರರ ಎದುರು ಸುಳ್ಳು ಹೇಳಲು ಎಲ್ಲರೂ ಹೆದರುತ್ತಿದ್ದರು. ಬೈಯುವವರಲ್ಲ ಅವರು. ಎರಡು ಬೆರಳು ಎತ್ತಿ, "ಈ ಎರಡೂ ಮಾತು ಕೂಡಿ ನಿಂದರತಾವೇನು?" ಎಂದು ಕೇಳುವರು, ಅಷ್ಟೆ. ನರಗುಂದದ ಕಾಲೇಜಿನಲ್ಲಿ ತರ್ಕ ಕಲಿಸಿ ನಿವೃತ್ತರಾದವರು. ಕಾಯಿಪಲ್ಲೆಯವಳನ್ನೂ ಬಿಡುತ್ತಿರಲಿಲ್ಲ.

"ಬದನಿಕಾಯಿ ಈಗ ಹರದದ್ದು ಅಂತಿ, ನಿನ್ನಿ ಸಂತ್ಯಾಗ ಉಳದದ್ದೂ ಅಂತಿ. ಯಾವ ಮಾತು ಬಿಡ್ತಿ?"

"ಎರಡೂ ಬಿಡತೇನ್ರಿ. ನೀವು ಮದಲ ಬದನಿಕಾಯಿ ಬಿಡ್ರಿ."

ನಾನು ಎರಡನೇ ಇಯತ್ತೆ ಕಲಿತವಳು. ಇಷ್ಟು ಓದಿದವರು ಯಾವಾಗ ಯಾರ ಕಡೆ ವಾಲುತ್ತಾರೋ ಎಂಬ ಸಂಶಯ ನನಗೆ ಇದ್ದೇ ಇತ್ತು.

ಗಂಡ ತೀರಿದ ಮೇಲೂ ನನ್ನ ಜೋಳ, ಮೈದುನ ಶಂಕ್ರಪ್ಪನ ಜೋಳ ಅವನ ಅಂಗಳದ ಹಗೇವಿನಲ್ಲಿ, ನೆಲದೊಳಗಿನ ಆ ಕಣಜದಲ್ಲಿ, ಕೂಡಿಯೇ ಇರುತ್ತಿತ್ತು. ನನ್ನ ವರ್ಷದ ರೊಟ್ಟಿ ಅದೇ. ಇಬ್ಬರೂ ಇದ್ದಾಗಷ್ಟೇ ಅದರ ಬಾಯಿ ತೆರೆಯಬೇಕು. ಮುಚ್ಚಿದ ಹಸಿ ಮಣ್ಣಿನ ಮೇಲೆ ಗುರುತಿಗೆಂದು ನಾನು ಅಂಗೈ ಒತ್ತುತ್ತಿದ್ದೆ. ಆ ವರ್ಷ ತೆರೆದಾಗ ಅಂಗೈ ಗುರುತು ಇತ್ತು. ಜೋಳ ಮಾತ್ರ ಒಂದು ಗೇಣು ಇಳಿದಿತ್ತು.

"ಕದ್ದೀಯಲ್ಲೋ" ಎಂದೆ.

"ಹಗೇವು ಮುಟ್ಟೇ ಇಲ್ಲ ವೈನಿ. ನಿಮ್ಮ ಕೈಗುರುತು ನಿಮಗ ಕಾಣವಲ್ದೇನು?"

ಮಾಸ್ತರರನ್ನು ಕರೆಸಿದೆ. ಅವರು ಒಂದು ಚೆಂಬಿನಲ್ಲಿ ಬಾಯಿತನಕ ಜೋಳ ತುಂಬಿಸಿ ನೆಲಕ್ಕೆ ಕುಟ್ಟಿದರು. ಜೋಳ ಕೆಳಗೆ ಕುಸಿಯಿತು.

"ನೀಲವ್ವಾ, ಇಳದದ್ದೂ ಖರೇ, ಯಾರೂ ಒಯ್ದಿಲ್ಲ ಅನ್ನೂದೂ ಖರೇ ಇರಬಹುದು. ಬಡದಾಡಿದಂಗ ಕಾಣತಾವ, ಬಡದಾಡಂಗಿಲ್ಲ. ಇದಕ್ಕ ವಿರೋಧಾಭಾಸ ಅಂತಾರ."

"ಅವನ ಮನಿ ಚಹಾ ಕುಡದೀರಿ, ಅದಕ್ಕ ಹಿಂಗಂತೀರಿ."

"ಕುಡದೇನಿ. ಸಕ್ರಿ ಕಡಿಮಿ ಇತ್ತು" ಎಂದರು.

ಶಂಕ್ರಪ್ಪ ಹಿಗ್ಗಿದ. "ನಾ ಹೇಳಲಿಲ್ಲೇನ್ರಿ? ಶ್ರಾವಣದಾಗ ನೋಡಿದಾಗ ಬಾಯಿತನಕ ಇತ್ತು. ಆಮ್ಯಾಲ ತಾನ ಕುಸದೈತಿ."

ಮಾಸ್ತರರ ಎರಡು ಬೆರಳು ಮೇಲೆದ್ದವು. "ಮುಟ್ಟೇ ಇಲ್ಲ ಅಂದಿ. ಶ್ರಾವಣದಾಗ ನೋಡೀನಿ ಅಂದಿ. ಮುಚ್ಚಿದ ಹಗೇವಿನ ಒಳಗ ಹ್ಯಾಂಗ ನೋಡಿದಿ? ಇದು ಆಭಾಸ ಅಲ್ಲಪಾ, ವಿರೋಧ. ಎರಡರಾಗ ಒಂದು ಸುಳ್ಳು."

ಶಂಕ್ರಪ್ಪನ ಹೆಂಡತಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. ತೆರೆದು ಮತ್ತೆ ಮುಚ್ಚಿದ ಮಣ್ಣಿನ ಮೇಲೆ ಒತ್ತಿದ ಅಂಗೈ ಇವಳದೇ ಎಂದುಕೊಂಡೆ.

"ಹಂಗಾರ ಕಳ್ಳ ಅನ್ರಿ ಮಾಸ್ತರ್ರ."

"ಬಾಯಿ ತೆರದಾನ ಅಂತೀನಿ. ಕದ್ದಾನ ಅನ್ನಾಕ ನನ್ನ ಹತ್ರ ಏನೂ ಇಲ್ಲ. ಜೋಳ ಕೂಡೇ ಇರ್ಲಿ. ಮುಂದಿನ ಸಲ ತೆಗಿಯೂ ಹೊತ್ತಿಗೆ ನಾನ ಬಂದು ಕುಂದರ್ತೀನಿ."

ಬರಲಿಲ್ಲ. ಗಜೇಂದ್ರಗಡದ ಮಗಳ ಮನೆಗೆ ಹೋದವರು ಅಲ್ಲೇ ತೀರಿಕೊಂಡರು. ಅವರನ್ನು ಮಣ್ಣು ಮಾಡಲು ಹೋದಾಗ ಎಲ್ಲರಿಗಿಂತ ಹೆಚ್ಚು ಅತ್ತವನು ಶಂಕ್ರಪ್ಪ. ನಾಟಕವೇನೋ ಎಂದು ಅವನ ಮುಖವನ್ನೇ ನೋಡಿದೆ. ಮೂಗು ಸೋರುತ್ತಿತ್ತು, ಒರೆಸಿಕೊಳ್ಳುವ ಎಚ್ಚರವೂ ಇರಲಿಲ್ಲ. ಅಳುವುದೂ ಖರೇ ಇರಬಹುದು, ಕದ್ದದ್ದೂ ಖರೇ ಇರಬಹುದು. ಒಂದಕ್ಕೊಂದು ಅಡ್ಡ ಬರುವುದಿಲ್ಲ. ಆದರೆ ಹಗೇವಿನ ಮುಂದೆ ಕೂರುವವರು ಇನ್ನು ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ ಬಾಯಿ ತೆರೆಸಿ, ಒಳಗೆ ದೀಪ ಇಳಿಸಿ ಕೆಟ್ಟ ಗಾಳಿ ಇಲ್ಲವೆಂದು ನೋಡಿ, ನನ್ನ ಪಾಲಿನ ಜೋಳವನ್ನೆಲ್ಲ ಚೀಲಕ್ಕೆ ತುಂಬಿಸಿದೆ. ಮೊದಲ ಚೀಲ ಹೊತ್ತವನು ಶಂಕ್ರಪ್ಪನೇ. ನಮ್ಮ ಮನೆಯ ಬಾಗಿಲತನಕ ಅವನ ಬೆನ್ನ ಹಿಂದೆಯೇ ನಡೆದೆ.